ದೆವ್ವಗಳಿಗೊಂದು ಫರಾಳ

ದೀಪಾವಳಿಯ ಫರಾಳವೆಂದರೆ ನಮ್ಮ ಕಡೆ ಚಕ್ಕುಲಿ, ಶಂಕರಪಾಳಿ, ಚೂಡಾ, ಕರ್ಚಿಕಾಯಿ, ಬೇಸನ್ ಉಂಡೆ ಎಂಬುದನ್ನು ಯಾರಿಗೂ ಹೇಳಿಕೊಡಬೇಕಾಗಿಲ್ಲ. ದೆವ್ವದ ಬೆರಳು, ಪಿಶಾಚಿಯ ಕಣ್ಣು, ಬಟ್ಟಲು ತುಂಬ ರಕ್ತ, ಇಂತಹ ಫರಾಳವನ್ನು ಕಲಬುರಗಿಯ ಜಗತ್ ಬಡಾವಣೆಯಲ್ಲಿ ಯಾರಾದರೂ ಮಾಡಿದ್ದುಂಟೋ ಇಲ್ಲವೋ ನಾನರಿಯೆ. ನಮ್ಮ ಮನೆಯಲ್ಲಂತೂ 2024ರ ಅಕ್ಟೋಬರ್ 31ರಂದು, ನರಕ ಚತುರ್ದಶಿಯ ದಿನ, ಮಾಡಿದೆವು. ಮಾಡಿದವನು ನಾನು. ಎಪ್ಪತ್ತೆರಡು ವರ್ಷಗಳ ಬಾಳಿನಲ್ಲಿ ಚಹಾದ ಹೊರತು ಮತ್ತೇನನ್ನೂ ಒಲೆಯ ಮೇಲೇರಿಸಿದವನಲ್ಲ ಎಂಬುದನ್ನು ವಾಚಕರು ನೆನಪಿಡಬೇಕು.

ಆ ವರ್ಷ ನಮಗೆ ಹಬ್ಬವಿರಲಿಲ್ಲ. ಆಷಾಢದಲ್ಲಿ ನನ್ನ ಹೆಂಡತಿ ತೀರಿಕೊಂಡಿದ್ದಳು. ಸಾವಾದ ಮನೆಯಲ್ಲಿ ವರ್ಷ ತುಂಬುವವರೆಗೆ ಹಬ್ಬಕ್ಕೆಂದು ಬಾಣಲೆ ಇಡಬಾರದು. ಕರಿದದ್ದು, ಸಿಹಿಯಾದದ್ದು ನೆರೆಯವರ ಮನೆಯಿಂದ ಬಂದರೆ ಉಂಟು, ಇಲ್ಲದಿದ್ದರೆ ಇಲ್ಲ. ಕಮಲಾಪುರದಿಂದ ನಮ್ಮ ಅಕ್ಕ ಬಂದು ಕುಳಿತಿದ್ದಳು. ಜೊತೆಗೆ ಅಲ್ಲಿಯ ಕೆಂಪು ಬಾಳೆಯ ಒಂದು ಚಿಪ್ಪು. ಬೆಂಗಳೂರಿನಿಂದ ಮಗ, ಸೊಸೆ, ಎಂಟು ವರ್ಷದ ಮೊಮ್ಮಗಳು ಬಂದಿದ್ದರು. ಯಾರೂ ಗಟ್ಟಿಯಾಗಿ ಮಾತನಾಡುತ್ತಿರಲಿಲ್ಲ. ಮಗುವಿನ ಮುಖ ಮಾತ್ರ ಎರಡು ದಿನಗಳಿಂದ ಬಾಡಿತ್ತು. ವಿಚಾರಿಸಲಾಗಿ ತಿಳಿದದ್ದಿಷ್ಟು: ಅವರ ವಸತಿ ಸಮುಚ್ಚಯದ ಮಕ್ಕಳೆಲ್ಲ ಆ ಸಂಜೆ ದೆವ್ವದ ವೇಷ ಹಾಕಿ ದೆವ್ವದ ತಿಂಡಿ ತಿನ್ನುವವರಿದ್ದರು, ಹ್ಯಾಲೋವೀನ್ ಎಂಬ ಆ ಔತಣ ಇವಳಿಗೆ ತಪ್ಪಿಹೋಗಿತ್ತು.

"ತಾತ, ನಾವೇ ಮಾಡೋಣವಾ?" ಎಂದಳು.

"ತಾತ ಅಲ್ಲವ್ವಾ, ಅಜ್ಜ ಅನಬೇಕು," ಎಂದು ಅಕ್ಕ ತಿದ್ದಿದಳು. ಆಮೇಲೆ ನನ್ನ ಕಡೆ ತಿರುಗಿ, "ಅದು ಏನು ಹಬ್ಬೋ ತಮ್ಮಾ?" ಎಂದು ಕೇಳಿದಳು.

ಮಾಸ್ತರಿಕೆ ಮಾಡಿದ ನಾಲಿಗೆ ಸುಮ್ಮನಿರಲಿಲ್ಲ. ಐರ್ಲೆಂಡಿನ ಹಳೆಯ ಜನ ನವೆಂಬರ್ 1ರ ಹಿಂದಿನ ರಾತ್ರಿ ಸತ್ತವರು ಮನೆಗೆ ಮರಳುತ್ತಾರೆಂದು ನಂಬಿದ್ದುದು; ಅದರ ಮೇಲೆ ಕ್ರೈಸ್ತರ ಸಂತರ ದಿನವೂ ನವೆಂಬರ್ 2ರ ಆತ್ಮಗಳ ದಿನವೂ ಬಂದು ಕೂಡಿದುದು; ಇಂಗ್ಲೆಂಡಿನಲ್ಲಿ ಬಡವರು ಮನೆಮನೆಗೆ ಹೋಗಿ, ಆ ಮನೆಯ ಸತ್ತವರಿಗಾಗಿ ಪ್ರಾರ್ಥಿಸಿ, ಪ್ರತಿಯಾಗಿ ಪುಟ್ಟ ರೊಟ್ಟಿಗಳನ್ನು ಪಡೆಯುತ್ತಿದ್ದುದು; ಹತ್ತೊಂಬತ್ತನೆಯ ಶತಮಾನದಲ್ಲಿ ಐರಿಷ್ ವಲಸೆಗಾರರ ಜೊತೆ ಇದೆಲ್ಲ ಅಮೆರಿಕ ಸೇರಿದಾಗ ಅವರ ಟರ್ನಿಪ್ ಗಡ್ಡೆಯ ದೀಪದ ಸ್ಥಾನಕ್ಕೆ ಕುಂಬಳಕಾಯಿ ಬಂದುದು; ಇಟಲಿಯಲ್ಲಿ 'ಸತ್ತವರ ಎಲುಬು' ಎಂಬ ಬಿಸ್ಕತ್ತು ಸುಡುವುದು, ಮೆಕ್ಸಿಕೋದಲ್ಲಿ ಎಲುಬಿನ ಆಕಾರ ಹೊದಿಸಿದ ಬ್ರೆಡ್ಡನ್ನು ಸತ್ತವರಿಗೆ ಎಡೆ ಇಡುವುದು, ಎಲ್ಲವನ್ನೂ ಹೇಳಿದೆ.

ಅಕ್ಕ ಕೇಳಿ, "ಹಂಗಾದ್ರ ಅವರೂ ಎಡಿ ಇಡತಾರನು," ಎಂದಳು. ಸ್ವಲ್ಪ ಹೊತ್ತು ಬಿಟ್ಟು ತೀರ್ಪನ್ನೂ ಕೊಟ್ಟಳು: "ನಮ್ಮ ಹಬ್ಬ ಅಲ್ಲ. ಎಣ್ಣ್ಯಾಗ ಕರಿಯಾದು ಬ್ಯಾಡ. ಹಬಿ ಮ್ಯಾಲ ಕುದಿಸಿದ್ರ ಯಾರೇನಂತಾರ?" ಧರ್ಮಶಾಸ್ತ್ರದಲ್ಲಿ ಇಂತಹ ಸಂದು ಇದ್ದೀತೆಂದು ನಾನೆಂದೂ ಎಣಿಸಿರಲಿಲ್ಲ.

ಬೆರಳುಗಳಿಗೆ ಜೋಳದ ಹಿಟ್ಟೇ ಆದೀತೆಂದು ನಿರ್ಧರಿಸಿದೆವು. ಒಂದು ಬಟ್ಟಲು ನೀರಿಗೆ ಉಪ್ಪು ಹಾಕಿ ಕುದಿಸಿ, ಒಂದು ಬಟ್ಟಲು ಹಿಟ್ಟು ಸುರಿದು ತಿರುವಿ, ಬಿಸಿಯಿರುವಾಗಲೇ ನಾದಬೇಕು. ಗೋಧಿಗಿರುವ ಜಿಗುಟು ಜೋಳಕ್ಕಿಲ್ಲ. ಕುದಿನೀರೇ ಅದನ್ನು ಹಿಡಿದಿಡಬೇಕು. ಕೈ ಸುಡುವುದೆಂದು ನಾನು ಆರಲು ಬಿಟ್ಟೆ. ಫಲವಾಗಿ ಮೊದಲ ಹತ್ತು ಬೆರಳುಗಳು ಉದ್ದಕ್ಕೂ ಸೀಳಿದವು. ಎಸೆಯಹೋದರೆ ಮೊಮ್ಮಗಳು ಬಿಡಲೊಲ್ಲಳು. ನೂರು ವರ್ಷ ಸತ್ತ ದೆವ್ವಕ್ಕೆ ಬಿರುಕು ಇರಲೇಬೇಕೆಂಬುದು ಅವಳ ವಾದ. ಎರಡನೆಯ ಬಾರಿ ಅಕ್ಕ ನಾದಿದಳು. ಎಂಬತ್ತರ ಆ ಕೈಗಳಿಗೆ ಬಿಸಿ ತಾಕುವಂತೆಯೇ ಕಾಣಲಿಲ್ಲ. ಹಿಟ್ಟನ್ನು ಕಿರುಬೆರಳಿಗಿಂತ ತೆಳ್ಳಗೆ ಹೊಸೆಯಬೇಕು, ಏಕೆಂದರೆ ಹಬೆಯಲ್ಲಿ ಉಬ್ಬುತ್ತದೆ. ಗೆಣ್ಣುಗಳಿರುವಲ್ಲಿ ಚಾಕುವಿನಿಂದ ಮೂರು ಗೆರೆ. ತುದಿಗೆ ಉಗುರಿನಂತೆ ಅರ್ಧ ಶೇಂಗಾ ಬೀಜ. ಕಾಲು ಗಂಟೆ ಹಬೆಯಲ್ಲಿ ಬೆಂದು ಹೊರಬಂದ ಆ ಬೂದುಬಣ್ಣದ ಬೆರಳುಗಳನ್ನು ಕಂಡು ಸೊಸೆ ನಿಜವಾಗಿಯೂ ಒಂದು ಹೆಜ್ಜೆ ಹಿಂದೆ ಸರಿದಳು.

ಕಣ್ಣುಗಳು ಸುಲಭ: ಪುಟಾಣಿ ಹಿಟ್ಟು, ಬೆಲ್ಲದ ಪುಡಿ, ತುಪ್ಪ ಕಲಸಿದ ಉಂಡೆ, ನಡುವೆ ಒಣದ್ರಾಕ್ಷಿ. ಕಮಲಾಪುರದ ಬಾಳೆ ದಪ್ಪವಾದ ಹಣ್ಣು. ಸುಲಿದು ಅಡ್ಡಕ್ಕೆ ಕೊಯ್ದರೆ ತಟ್ಟೆಯಲ್ಲಿ ತಾನೇ ನಿಲ್ಲುತ್ತದೆ. ಕಪ್ಪಾಗದಂತೆ ನಿಂಬೆರಸ ಸವರಿ ಎರಡು ಲವಂಗ ಚುಚ್ಚಿದರೆ ದೆವ್ವ ಸಿದ್ಧ. ತಿನ್ನುವಾಗ ಲವಂಗ ತೆಗೆಯುವುದನ್ನು ಮರೆತ ನನ್ನ ಮಗನ ಅವಸ್ಥೆಯನ್ನು ಇಲ್ಲಿ ವಿವರಿಸುವುದಿಲ್ಲ.

ರಕ್ತ ಉಳಿದಿತ್ತು. ಮಗು ಕೇಳಿದ್ದೇ ತಡ, ಅಕ್ಕ ತಾಂಬಾಣದಲ್ಲಿ ಅರಿಶಿನದ ನೀರಿಗೆ ಚಿಟಿಕೆ ಸುಣ್ಣ ಬಿಟ್ಟಳು. ಹಳದಿ ನೀರು ಕಣ್ಣೆದುರಿಗೇ ಕೆಂಪಾಯಿತು. ಸುಣ್ಣದ ಕ್ಷಾರ ತಾಕಿದರೆ ಅರಿಶಿನ ಹೀಗಾಗುತ್ತದೆಂದು, ಹುಳಿ ಹಿಂಡಿದರೆ ಮರಳಿ ಹಳದಿಯಾಗುತ್ತದೆಂದು ನಾನು ಪಾಠ ಹೇಳುವಷ್ಟರಲ್ಲಿ ಅವಳು ಅದನ್ನು ಮಗುವಿನ ಮುಖಕ್ಕೆ ಮೂರು ಸುತ್ತು ನಿವಾಳಿಸಿ ಹೊರಗೆ ಚೆಲ್ಲಿ ಬಂದಾಗಿತ್ತು. "ಇದು ದೆವ್ವಕ್ಕ. ಉಣ್ಣಾಕ ಅಲ್ಲ," ಎಂದಳು.

ಉಣ್ಣುವ ರಕ್ತಕ್ಕೆ ಶೇಂಗಾ ಹಿಂಡಿ ಮೊಸರು ಕಲಸಿದರಾದೀತೆಂದು ಸೊಸೆ ಸೂಚಿಸಿದಳು. ಹಿಂಡಿ ಮನೆಯಲ್ಲಿತ್ತು. ಕಪಾಟಿನ ಮೇಲುಹಲಗೆಯಲ್ಲಿ, ಗಾಜಿನ ಭರಣಿಯಲ್ಲಿ. ಜ್ಯೇಷ್ಠದಲ್ಲಿ ಅವಳು ಕುಟ್ಟಿಟ್ಟದ್ದು ಅದು; ಒಣಮೆಣಸಿನಕಾಯಿ ಒಂದು ಹಿಡಿ ಹೆಚ್ಚೇ ಹಾಕುವುದು ಅವಳ ಪದ್ಧತಿ. ನಾಲ್ಕು ತಿಂಗಳಿಂದ ನಾನು ಅದರ ಮುಚ್ಚಳ ತೆಗೆದಿರಲಿಲ್ಲ; ತೆಗೆಯಲು ಯಾರಿಗೂ ಬಿಟ್ಟಿರಲಿಲ್ಲ. ಎಲ್ಲರೂ ಸುಮ್ಮನಾದರು. ಮೊಮ್ಮಗಳು ಮಾತ್ರ ಕುರ್ಚಿ ಎಳೆದುಕೊಂಡು ಹತ್ತಿ ಭರಣಿಯನ್ನು ಇಳಿಸಿ ನನ್ನ ಕೈಗೆ ಕೊಟ್ಟಳು, "ಅಜ್ಜ, ಗಟ್ಟಿ ಇದೆ, ನೀವೇ ತೆಗೀರಿ."

ತೆಗೆದೆ. ಶೇಂಗಾದ ಎಣ್ಣೆಗೆ ಹಳಸಲು ವಾಸನೆ ಹತ್ತುವುದರಲ್ಲಿತ್ತು. ಇನ್ನು ಹದಿನೈದು ದಿನ ಬಿಟ್ಟಿದ್ದರೆ ಹೊರಗೆ ಚೆಲ್ಲಬೇಕಾಗುತ್ತಿತ್ತು. ಮೊಸರಿನಲ್ಲಿ ಕಲಸಿದಾಗ ಅದು ರಕ್ತದಂತೇನೂ ಕಾಣಲಿಲ್ಲ, ಇಟ್ಟಿಗೆಯ ಬಣ್ಣಕ್ಕೆ ಬಂತು. ಬೆರಳುಗಳನ್ನು ಅದರಲ್ಲಿ ಅದ್ದಿ ಅದ್ದಿ ಎಲ್ಲರೂ ತಿಂದೆವು. ಖಾರಕ್ಕೆ ಎಲ್ಲರ ಕಣ್ಣಲ್ಲಿಯೂ ನೀರು ಬಂದುದರಿಂದ ನನ್ನದನ್ನು ಯಾರೂ ಬೇರೆಯಾಗಿ ಗಮನಿಸಲಿಲ್ಲ.

ಮಗು ಒಂದು ತಟ್ಟೆಯನ್ನು ಬೇರೆ ತೆಗೆದಿಟ್ಟಿತ್ತು. ಅಜ್ಜಿ ಬರುವಳೇ ಎಂದು ಅಕ್ಕನನ್ನು ಕೇಳಿತು. "ಬಂದ್ರ ಹಸದು ಹೋಗಬಾರದು ನೋಡು," ಎಂದಷ್ಟೇ ಹೇಳಿ ಅಕ್ಕ ತಟ್ಟೆಯ ಮೇಲೊಂದು ಬುಟ್ಟಿ ಬೋರಲು ಹಾಕಿದಳು. ಬೆಳಿಗ್ಗೆ ಬುಟ್ಟಿಯ ತುಂಬ ಇರುವೆ.

ಎಳ್ಳಮಾವಾಸ್ಯೆ ಡಿಸೆಂಬರ್ 30ರಂದು ಬಂತು. ಅಕ್ಕನ ಹೊಲಕ್ಕೆ ಕಮಲಾಪುರಕ್ಕೆ ಹೋದೆ. ಸುಣ್ಣ ಬಳಿದ ಐದು ಕಲ್ಲುಗಳೆಂಬ ಪಾಂಡವರ ಮುಂದೆ ಭಜ್ಜಿ, ಸಜ್ಜಿ ರೊಟ್ಟಿ, ಕಡುಬು ಎಡೆಯಾಯಿತು. ಬಳಿಕ ಬಿಳಿಜೋಳದ ಸಾಲುಗಳ ನಡುವೆ ಅಕ್ಕನ ಮಗ ಮುಂದೆ ಚರಗ ಚೆಲ್ಲುತ್ತ, ನಾನು ಹಿಂದೆ ನೀರು ಚಿಮುಕಿಸುತ್ತ ನಡೆದೆವು. ಭೂಮಿಗೆ, ಹಕ್ಕಿಗೆ, ಹುಳಕ್ಕೆ, ಕಣ್ಣಿಗೆ ಕಾಣದ ಯಾರುಯಾರಿಗೋ ಸಲ್ಲುವ ಊಟ ಅದು. ಮಧ್ಯಾಹ್ನ ಬೆಂಗಳೂರಿನಿಂದ ಫೋನು ಬಂತು.

"ಅಜ್ಜ, ಅದರಲ್ಲಿ ಬೆರಳು ಹಾಕಿದ್ದೀರಾ?"

ಹಾಕಿದ್ದೆ. ಐದು. ಈ ಸಲ ಹಿಟ್ಟನ್ನು ಬಿಸಿಯಿರುವಾಗಲೇ ನಾದಿದ್ದೆ.