ಉತ್ತರಕುಮಾರ ಬರೀ ಪುಕ್ಕಲನೇ?



ಪ್ರತಿಭಾ ಕಾರಂಜಿಯಲ್ಲಿ ನಾನು ಭಾಷಣ ಮರೆತು ವೇದಿಕೆಯಿಂದ ಓಡಿ ಬಂದೆ. ಅಂದಿನಿಂದ ಕೆಲವರು ನನ್ನನ್ನು 'ಉತ್ತರಕುಮಾರ' ಎನ್ನುತ್ತಾರೆ. ಆದ್ದರಿಂದ ಅವನು ಯಾರೆಂದು ತಿಳಿಸುತ್ತೇನೆ.

ಉತ್ತರ ಮತ್ಸ್ಯದೇಶದ ವಿರಾಟರಾಜನ ಮಗ. ಮಹಾಭಾರತದಲ್ಲಿ ಸಣ್ಣ ಪಾತ್ರ. ತಂದೆ ಒಂದು ಕಡೆ ಯುದ್ಧಕ್ಕೆ ಹೋಗಿದ್ದಾಗ ಇನ್ನೊಂದು ಕಡೆಯಿಂದ ಕೌರವರು ಬಂದು ದನಗಳನ್ನು ಹೊಡೆದುಕೊಂಡು ಹೋದರು. ಉತ್ತರ ಹೆಂಗಸರ ಎದುರು, "ಒಳ್ಳೆ ಸಾರಥಿ ಇದ್ದರೆ ಎಲ್ಲರನ್ನೂ ಸೋಲಿಸುತ್ತಿದ್ದೆ" ಎಂದು ಬಡಾಯಿ ಕೊಚ್ಚಿದ. ಬೃಹನ್ನಳೆಯ ವೇಷದಲ್ಲಿದ್ದ ಅರ್ಜುನ ಸಾರಥಿಯಾದ. ಭೀಷ್ಮ, ದ್ರೋಣ, ಕರ್ಣರನ್ನು ಕಂಡದ್ದೇ ಉತ್ತರ ರಥದಿಂದ ಹಾರಿ ಓಡಿದ! 'ಉತ್ತರನ ಪೌರುಷ ಒಲೆಯ ಮುಂದೆ' ಎಂಬ ಗಾದೆ ಇವನ ಮೇಲೆಯೇ. 15ನೆಯ ಶತಮಾನದ ಕುಮಾರವ್ಯಾಸನೂ ಇದನ್ನು ವರ್ಣಿಸಿದ್ದಾನೆ. ನಮ್ಮ ಕಡೆ ಆಟದಲ್ಲಿ ಈ ಭಾಗ ಬಂದರೆ ನಿದ್ದೆ ಮಾಡಿದವರೂ ಎದ್ದು ನಗಾಡುತ್ತಾರೆ.

ಅಣ್ಣ ಆಡುವ ವಿಡಿಯೋ ಗೇಮಿನಲ್ಲಿ ಇಂತಹ ಸಣ್ಣ ರಾಜಕುಮಾರ ಒಮ್ಮೆ ಸೋತರೆ ಮುಗಿಯಿತು. ಉತ್ತರನ ಕಥೆ ಹಾಗಲ್ಲ. ಅರ್ಜುನ ಅವನನ್ನು ಹಿಡಿದು ತಂದು ಧೈರ್ಯ ಹೇಳಿದ. ಉತ್ತರ ಬನ್ನಿಮರ ಹತ್ತಿ ಪಾಂಡವರ ಆಯುಧ ಇಳಿಸಿಕೊಟ್ಟ. ತಾನೇ ಸಾರಥಿಯಾಗಿ ಅದೇ ಸೈನ್ಯದ ಎದುರು ರಥ ಹೊಡೆದ. ಮುಂದೆ ಕುರುಕ್ಷೇತ್ರದಲ್ಲಿ ಮೊದಲ ದಿನವೇ ಆನೆ ಏರಿ ಶಲ್ಯನೊಡನೆ ಹೋರಾಡಿ ಸತ್ತ. ಆ ದಿನ ಅವನು ಓಡಲಿಲ್ಲ.

ನಮ್ಮ ಅಜ್ಜಯ್ಯ ಹೇಳಿದರು: "ಹೆದ್ರಿಕೆ ಎಲ್ಲರಿಗೂ ಇತ್ತ್ ಮಾಣಿ, ತಿರ್ಗಿ ಬಪ್ಪುದೇ ದೊಡ್ಡದ್."

ಗಣರಾಜ್ಯೋತ್ಸವದ ಭಾಷಣಕ್ಕೆ ನಾನು ಹೆಸರು ಕೊಟ್ಟಿದ್ದೇನೆ. ನನ್ನನ್ನು ಉತ್ತರಕುಮಾರ ಎಂದೇ ಕರೆಯಿರಿ, ಬೇಜಾರಿಲ್ಲ. ಆದರೆ ಪೂರ್ತಿ ಕಥೆ ತಿಳಿದು ಕರೆಯಿರಿ.