ಕರು ಹಾಕಿದ ಹಸು ನೆಲ ಹಿಡಿದಾಗ: ಹಾಲು ಜ್ವರದ ಚಿಕಿತ್ಸೆಯಲ್ಲಿ ಬಂದಿರುವ ಬದಲಾವಣೆಗಳು



ಜಾಲಹಳ್ಳಿ, ಅಬ್ಬಿಗೆರೆ, ಚಿಕ್ಕಬಾಣಾವರದ ಸುತ್ತಿನಲ್ಲಿ ಕೆಲಸ ಮಾಡುವ ನಮಗೆ ರಾತ್ರಿ ಹೊತ್ತು ಬರುವ ಕರೆಗಳಲ್ಲಿ ಒಂದು ಬಗೆಯ ಕರೆ ಮತ್ತೆ ಮತ್ತೆ ಬರುತ್ತದೆ. "ಸಾರ್, ಬೆಳಿಗ್ಗೆ ಕರು ಹಾಕ್ತು, ಚೆನ್ನಾಗೇ ಇತ್ತು. ಸಂಜೆ ಹಾಲು ಕರೆದ ಮೇಲೆ ಮಲಗಿದ್ದು ಏಳ್ತಾನೇ ಇಲ್ಲ. ಕಿವಿ ಎಲ್ಲ ತಣ್ಣಗಾಗಿದೆ." ಹೀಗೆ ನೆಲ ಹಿಡಿಯುವುದು ಸಾಮಾನ್ಯವಾಗಿ ಮೂರನೆಯ ಅಥವಾ ಅದಕ್ಕೂ ಮೇಲಿನ ಸೂಲಿನ, ಕೊಟ್ಟಿಗೆಯಲ್ಲೇ ಹೆಚ್ಚು ಹಾಲು ಕೊಡುವ ಹಸು. ಆ ಹಸು ಹೋದರೆ ಒಂದು ರಾಸು ಮಾತ್ರ ಹೋಗುವುದಿಲ್ಲ. ಮನೆಯ ಹದಿನೈದು ದಿನದ ಬಟವಾಡೆ, ಮಗುವಿನ ಶಾಲೆಯ ಶುಲ್ಕ, ಸಾಲದ ಕಂತು ಎಲ್ಲವೂ ಅದರೊಡನೆ ಹೋಗುತ್ತವೆ. ಆದರೆ ಸಕಾಲದಲ್ಲಿ ಚಿಕಿತ್ಸೆ ಸಿಕ್ಕರೆ ಇಷ್ಟು ಬೇಗ ಎದ್ದು ನಿಲ್ಲುವ ಕಾಯಿಲೆಯೂ ಬೇರೊಂದಿಲ್ಲ. ಈ ಕಾಯಿಲೆಯ ಬಗ್ಗೆ ಪಶುವೈದ್ಯರು ಒಬ್ಬರಿಂದೊಬ್ಬರು ಕಲಿತು ಚಿಕಿತ್ಸೆಯನ್ನು ಹೇಗೆ ಬದಲಿಸಿಕೊಂಡರು, ಈಗ ನಾವು ಏನು ಮಾಡುತ್ತೇವೆ, ನೀವು ಏನು ಮಾಡಬೇಕು ಎಂಬುದನ್ನು ಇಲ್ಲಿ ತಿಳಿಸಲಾಗಿದೆ.

ಹೆಸರು ಜ್ವರ, ಮೈ ತಣ್ಣಗೆ

ಹಾಲು ಜ್ವರದಲ್ಲಿ ಜ್ವರ ಇರುವುದಿಲ್ಲ. ಆರೋಗ್ಯವಂತ ಹಸುವಿನ ಮೈ ಶಾಖ ಸುಮಾರು 101.5 ಡಿಗ್ರಿ ಫ್ಯಾರನ್‌ಹೀಟ್. ಈ ಕಾಯಿಲೆಯಲ್ಲಿ ಅದು ಇನ್ನೂ ಕೆಳಗಿಳಿಯುತ್ತದೆ. ಕಾರಣ, ರಕ್ತದಲ್ಲಿ ಕ್ಯಾಲ್ಸಿಯಂ (ಸುಣ್ಣದ ಅಂಶ) ಕಡಿಮೆಯಾಗುವುದು. 100 ಮಿಲಿ ಲೀಟರ್ ರಕ್ತದ್ರವದಲ್ಲಿ ಸಾಮಾನ್ಯವಾಗಿ 8.5ರಿಂದ 10 ಮಿಲಿ ಗ್ರಾಂ ಕ್ಯಾಲ್ಸಿಯಂ ಇರಬೇಕು. ಇದು ಸುಮಾರು 5.5ಕ್ಕಿಂತ ಕೆಳಗೆ ಇಳಿದಾಗ ಸ್ನಾಯುಗಳು ಕೆಲಸ ನಿಲ್ಲಿಸುತ್ತವೆ, ಹಸು ಏಳಲಾರದು.

ಒಂದು ಲೆಕ್ಕ ನೋಡಿ. 10 ಲೀಟರ್ ಗಿಣ್ಣು ಹಾಲು ಕರೆದರೆ ಅದರಲ್ಲಿ ಸುಮಾರು 23 ಗ್ರಾಂ ಕ್ಯಾಲ್ಸಿಯಂ ಹೊರಗೆ ಹೋಗುತ್ತದೆ. ಹಸುವಿನ ಇಡೀ ರಕ್ತದ್ರವದಲ್ಲಿರುವ ಕ್ಯಾಲ್ಸಿಯಂನ ಸುಮಾರು ಒಂಬತ್ತು ಪಟ್ಟು ಇದು. ಅಷ್ಟನ್ನು ಮೂಳೆಗಳಿಂದಲೂ ಕರುಳಿನಿಂದಲೂ ತಕ್ಷಣ ತರಬೇಕು. ಎಳೆಯ ಹಸುವಿನ ಮೂಳೆಯಿಂದ ಕ್ಯಾಲ್ಸಿಯಂ ಬೇಗ ಹೊರಬರುತ್ತದೆ. ವಯಸ್ಸಾದಂತೆ ಈ ಏರ್ಪಾಡು ನಿಧಾನವಾಗುತ್ತದೆ, ಪೂರ್ತಿ ಚುರುಕಾಗಲು ಒಂದೆರಡು ದಿನ ಬೇಕು. ಆ ಒಂದೆರಡು ದಿನಗಳೇ ಅಪಾಯದ ದಿನಗಳು.

ಕೆಚ್ಚಲಿಗೆ ಗಾಳಿ ಹಾಕುತ್ತಿದ್ದ ಕಾಲ

ನೂರಿಪ್ಪತ್ತೈದು ವರ್ಷಗಳ ಹಿಂದೆ ಈ ಕಾಯಿಲೆ ಬಂದ ಹಸುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಸಾಯುತ್ತಿದ್ದವು. 1897ರಲ್ಲಿ ಡೆನ್ಮಾರ್ಕ್ ದೇಶದ ಕೋಲ್ಡಿಂಗ್ ಎಂಬ ಊರಿನ ಪಶುವೈದ್ಯ ಶ್ಮಿಟ್ ಅವರು, ಕೆಚ್ಚಲಿನಲ್ಲಿ ವಿಷ ಹುಟ್ಟುತ್ತಿರಬೇಕೆಂದು ಭಾವಿಸಿ, ಮೊಲೆತೊಟ್ಟಿನ ಮೂಲಕ ಔಷಧದ ದ್ರಾವಣ ತುಂಬಿದರು. ಹಸುಗಳು ಎದ್ದು ನಿಂತವು. ಅವರು ಇದನ್ನು ಬರೆದು ಪ್ರಕಟಿಸಿದರು. ಕೆಲವೇ ವರ್ಷಗಳಲ್ಲಿ ಅದೇ ದೇಶದ ಮತ್ತೊಬ್ಬ ವೈದ್ಯರು ಔಷಧವಿಲ್ಲದೆ ಬರೀ ಗಾಳಿ ತುಂಬಿ ನೋಡಿದರು. ಅದರಿಂದ ಇನ್ನೂ ಹೆಚ್ಚು ಹಸುಗಳು ಬದುಕಿದವು. ಪಂಪಿನಿಂದ ಕೆಚ್ಚಲಿಗೆ ಗಾಳಿ ಹಾಕುವ ಈ ಪದ್ಧತಿ ಬೇರೆ ದೇಶಗಳಿಗೂ ಹರಡಿತು.

ಶ್ಮಿಟ್ ಅವರ ಊಹೆ ತಪ್ಪಾಗಿತ್ತು, ಆದರೆ ಕೆಲಸ ಮಾತ್ರ ಫಲ ಕೊಟ್ಟಿತು. ಕೆಚ್ಚಲು ಬಿಗಿದುಕೊಂಡಾಗ ಹಾಲು ಊರುವುದು ನಿಲ್ಲುತ್ತದೆ, ಕ್ಯಾಲ್ಸಿಯಂ ರಕ್ತದಲ್ಲೇ ಉಳಿಯುತ್ತದೆ. ನಿಜವಾದ ಕಾರಣ ತಿಳಿದದ್ದು 1925ರ ಹೊತ್ತಿಗೆ. ಎಡಿನ್‌ಬರೋದ ಡ್ರೈಯರ್ ಮತ್ತು ಗ್ರೇಗ್ ಇದು ಕ್ಯಾಲ್ಸಿಯಂ ಕೊರತೆ ಎಂದು ವಾದಿಸಿದರು. ಅದೇ ಸುಮಾರಿಗೆ ಲಿಟ್ಲ್ ಮತ್ತು ರೈಟ್ ರಕ್ತ ಪರೀಕ್ಷೆಯಿಂದ ಅದನ್ನು ತೋರಿಸಿದರು. 1930ರ ದಶಕದಲ್ಲಿ ಕ್ಯಾಲ್ಸಿಯಂ ಬೋರೋಗ್ಲುಕೋನೇಟ್ ಬಳಕೆಗೆ ಬಂತು. ಇವತ್ತು ನಾವು ರಕ್ತನಾಳಕ್ಕೆ ಹಾಕುವ ಬಾಟಲಿಯಲ್ಲಿ ಇರುವುದು ಅದೇ ಔಷಧ.

ಅದೇ ಡೆನ್ಮಾರ್ಕ್‌ನ ನೆರವಿನಿಂದ 1960ರ ದಶಕದ ಕೊನೆಯಲ್ಲಿ ನಮ್ಮ ಪಕ್ಕದ ಹೆಸರಘಟ್ಟದಲ್ಲಿ ಘನೀಕೃತ ವೀರ್ಯ ಉತ್ಪಾದನೆಯ ಕೆಲಸ ಆರಂಭವಾಯಿತು. ಹಿರಿಯ ಸದಸ್ಯರು ಅದನ್ನು 'ಇಂಡೋ-ಡೇನಿಷ್ ಪ್ರಾಜೆಕ್ಟ್' ಎಂದೇ ಕರೆಯುತ್ತಿದ್ದರು. ಕೃತಕ ಗರ್ಭಧಾರಣೆಯಿಂದ ಮಿಶ್ರತಳಿ ಹಸುಗಳು ಬಂದವು, ಹಾಲು ಹೆಚ್ಚಾಯಿತು. ಎರಡು ಮೂರು ಲೀಟರ್ ಕೊಡುತ್ತಿದ್ದ ನಾಟಿ ಹಸುವಿನಲ್ಲಿ ಅಪರೂಪವಾಗಿದ್ದ ಹಾಲು ಜ್ವರ ಹದಿನೈದು ಇಪ್ಪತ್ತು ಲೀಟರಿನ ಹಸುವಿನ ಜೊತೆಗೆ ನಮ್ಮ ಕೊಟ್ಟಿಗೆಗೂ ಬಂತು.

ಬಾಟಲಿ ಏಕೆ ನಿಧಾನವಾಗಿ ಹಾಕಬೇಕು?

ನೆಲ ಹಿಡಿದ ಹಸುವಿಗೆ ಕ್ಯಾಲ್ಸಿಯಂ ಬಾಟಲಿಯನ್ನು ರಕ್ತನಾಳಕ್ಕೇ ಹಾಕಬೇಕು. ಇದರಲ್ಲಿ ಎರಡು ಮಾತಿಲ್ಲ. ಆದರೆ ಕ್ಯಾಲ್ಸಿಯಂ ವೇಗವಾಗಿ ಹೋದರೆ ಹೃದಯ ನಿಂತುಬಿಡುತ್ತದೆ. ಆದ್ದರಿಂದ ಬಾಟಲಿಯನ್ನು ಮೈ ಶಾಖಕ್ಕೆ ಬೆಚ್ಚಗೆ ಮಾಡಿ, ಹೃದಯದ ಬಡಿತ ಕೇಳುತ್ತಾ, ಹತ್ತರಿಂದ ಇಪ್ಪತ್ತು ನಿಮಿಷ ತೆಗೆದುಕೊಂಡು ಹಾಕುತ್ತೇವೆ. "ಬೇಗ ಬಿಡಿ ಸಾರ್" ಎಂದು ದಯವಿಟ್ಟು ಅವಸರಪಡಿಸಬೇಡಿ. ಅಂಗಡಿಯಿಂದ ಬಾಟಲಿ ತಂದು ತರಬೇತಿ ಇಲ್ಲದವರ ಕೈಯಲ್ಲಿ ಹಾಕಿಸುವುದಂತೂ ಬೇಡವೇ ಬೇಡ.

ಚಿಕಿತ್ಸೆ ಪಡೆದ ಹಸುಗಳಲ್ಲಿ ನೂರಕ್ಕೆ ಸುಮಾರು 75 ಎರಡು ಗಂಟೆಯೊಳಗೆ ಎದ್ದು ನಿಲ್ಲುತ್ತವೆ. ತೇಗು ಬರುವುದು, ಮೈ ನಡುಗುವುದು, ಸಗಣಿ ಹಾಕುವುದು ಒಳ್ಳೆಯ ಲಕ್ಷಣ. ಆದರೆ ಹೀಗೆ ಎದ್ದ ಹಸುಗಳಲ್ಲೂ ನೂರಕ್ಕೆ 25ರಿಂದ 30 ಒಂದೆರಡು ದಿನದಲ್ಲಿ ಮತ್ತೆ ಮಲಗಬಹುದು. ಒಂದು ಬಾಟಲಿಯಲ್ಲಿರುವ ಕ್ಯಾಲ್ಸಿಯಂ ಸುಮಾರು 8 ಗ್ರಾಂ ಮಾತ್ರ. ಮೂಳೆಯಿಂದ ಕ್ಯಾಲ್ಸಿಯಂ ಬರುವವರೆಗೆ ಅದು ಸಮಯ ಒದಗಿಸುತ್ತದೆ, ಅಷ್ಟೆ. ಹಾಗಾಗಿ ಎದ್ದ ಮೇಲೂ ಎರಡು ದಿನ ನಿಗಾ ಇಡಿ.

ನಿಂತಿರುವ ಹಸುವಿಗೆ ಬಾಟಲಿ ಬೇಕೆ?

ಇಲ್ಲಿಯೇ ಇತ್ತೀಚಿನ ಬದಲಾವಣೆ ಇರುವುದು. ಕರು ಹಾಕಿದ ಹಸು ಚೆನ್ನಾಗಿ ನಿಂತಿದ್ದರೂ "ಮುನ್ನೆಚ್ಚರಿಕೆಗೆ ಒಂದು ಬಾಟಲಿ ಹಾಕಿಬಿಡಿ" ಎಂದು ಕೇಳುವುದು ನಮ್ಮಲ್ಲಿ ರೂಢಿ. ಸೇವೆಯ ಮೊದಲ ವರ್ಷಗಳಲ್ಲಿ ನಾನೂ ಹಾಗೆ ಹಾಕಿದ್ದೇನೆ. ಈಗ ಹಾಕುವುದಿಲ್ಲ. ಕಾರಣ ಹೇಳುತ್ತೇನೆ.

ಅಮೆರಿಕದಲ್ಲಿ ಅನೇಕ ಡೇರಿಗಳ ಹಸುಗಳ ರಕ್ತ ಪರೀಕ್ಷಿಸಿ 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎರಡನೆಯ ಸೂಲು ಮತ್ತು ಅದಕ್ಕೂ ಮೇಲಿನ ಹಸುಗಳಲ್ಲಿ ನೂರಕ್ಕೆ 41ರಿಂದ 54ರಷ್ಟಕ್ಕೆ ಕರು ಹಾಕಿದ ಹೊತ್ತಿನಲ್ಲಿ ಕ್ಯಾಲ್ಸಿಯಂ ಕಡಿಮೆಯಾಗಿತ್ತು. ಅವು ನಿಂತೇ ಇದ್ದವು, ಹೊರಗೆ ಲಕ್ಷಣ ಇರಲಿಲ್ಲ. ಇಂತಹ ಒಳಗಿನ ಕೊರತೆ ಮಾಸು ಬೀಳದಿರುವುದು, ಮೇವು ತಿನ್ನದಿರುವುದು ಮುಂತಾದ ತೊಂದರೆಗಳಿಗೆ ದಾರಿ ಮಾಡುತ್ತದೆ. ಆದ್ದರಿಂದ ನಿಮ್ಮ ಕಾಳಜಿ ತಪ್ಪಲ್ಲ. ಆದರೆ ನಿಂತ ಹಸುವಿನ ರಕ್ತನಾಳಕ್ಕೆ ಕ್ಯಾಲ್ಸಿಯಂ ಹಾಕಿದರೆ ಮಟ್ಟ ದಿಢೀರ್ ಏರಿ, ಸಾಕಷ್ಟು ಇದೆ ಎಂದು ದೇಹ ತನ್ನ ಏರ್ಪಾಡನ್ನು ನಿಲ್ಲಿಸಿಬಿಡುತ್ತದೆ. ಕೆಲವು ಗಂಟೆಗಳ ನಂತರ ಮಟ್ಟ ಮತ್ತೆ ಕುಸಿಯುತ್ತದೆ. ಬಾಯಿಯಿಂದ ಕೊಡುವ ಕ್ಯಾಲ್ಸಿಯಂ ನಿಧಾನವಾಗಿ ಏರುತ್ತದೆ, ಹೀಗೆ ಕುಸಿಯುವುದಿಲ್ಲ. ಆದ್ದರಿಂದ ನಿಂತಿರುವ, ನುಂಗಬಲ್ಲ ಹಸುವಿಗೆ ಕರು ಹಾಕಿದ ಕೂಡಲೇ ಒಮ್ಮೆ, ಸುಮಾರು ಹನ್ನೆರಡು ಗಂಟೆಯ ನಂತರ ಇನ್ನೊಮ್ಮೆ, ಬಾಯಿಯಿಂದ ಕೊಡುವ ಕ್ಯಾಲ್ಸಿಯಂ ಜೆಲ್ ಕೊಡಿಸುವುದು ಒಳ್ಳೆಯದು. ಹಿಂದಿನ ಸೂಲಿನಲ್ಲಿ ಹಾಲು ಜ್ವರ ಬಂದಿದ್ದ ಹಸುವಿಗೆ ಇದು ಮುಖ್ಯ. ಯಾವ ಜೆಲ್, ಎಷ್ಟು ಎಂಬುದನ್ನು ವೈದ್ಯರಿಂದ ತಿಳಿಯಿರಿ.

ವೈದ್ಯರು ಬರುವವರೆಗೆ

ಮಲಗಿದ ಹಸುವಿನ ಬಾಯಿಗೆ ಏನನ್ನೂ ಹೊಯ್ಯಬೇಡಿ. ಕೆಲವು ವರ್ಷಗಳ ಹಿಂದೆ ಜಾಲಹಳ್ಳಿಯ ಒಂದು ಮನೆಯಲ್ಲಿ, ನಾನು ತಲುಪುವ ಮೊದಲೇ, ಪ್ರೀತಿಯಿಂದಲೇ ಬೆಲ್ಲದ ನೀರನ್ನು ಗೊಟ್ಟದಲ್ಲಿ ಹೊಯ್ದಿದ್ದರು. ನುಂಗುವ ಶಕ್ತಿ ಇಲ್ಲದ ಹಸುವಿನ ಶ್ವಾಸಕೋಶಕ್ಕೆ ನೀರು ಹೋಗಿತ್ತು. ಕ್ಯಾಲ್ಸಿಯಂನಿಂದ ಹಸು ಎದ್ದು ನಿಂತಿತು, ಆದರೆ ಐದನೆಯ ದಿನ ಶ್ವಾಸಕೋಶದ ಸೋಂಕಿನಿಂದ ಸತ್ತಿತು. ಮನೆಯ ಯಜಮಾನರು ಆ ಗೊಟ್ಟವನ್ನು ನನಗೇ ಕೊಟ್ಟು ಕಳುಹಿಸಿದರು. ಆ ದಿನದಿಂದ ಈ ಮಾತನ್ನು ಹೋದ ಕಡೆಯಲ್ಲೆಲ್ಲ ಹೇಳುತ್ತೇನೆ.

ನೀವು ಮಾಡಬಹುದಾದದ್ದು ಇಷ್ಟು:

1. ಹಸುವನ್ನು ಪಕ್ಕಕ್ಕೆ ಚಾಚಿ ಮಲಗಲು ಬಿಡಬೇಡಿ. ಹುಲ್ಲು ತುಂಬಿದ ಚೀಲಗಳನ್ನು ಒತ್ತುಕೊಟ್ಟು ಎದೆಯ ಮೇಲೆ ಕೂರಿಸಿ. ಇಲ್ಲದಿದ್ದರೆ ಹೊಟ್ಟೆ ಉಬ್ಬರಿಸುತ್ತದೆ.

2. ನಮ್ಮ ಕಡೆ ಕೊಟ್ಟಿಗೆಯ ನೆಲ ಬಹುತೇಕ ಸಿಮೆಂಟು ಅಥವಾ ಚಪ್ಪಡಿ. ಕೆಳಗೆ ಮರಳು, ಮಣ್ಣು ಅಥವಾ ದಪ್ಪನಾಗಿ ಹುಲ್ಲು ಹಾಸಿ. ಎರಡು ಮೂರು ಗಂಟೆಗೊಮ್ಮೆ ಮಗ್ಗಲು ಬದಲಿಸಿ. ಗಟ್ಟಿ ನೆಲದ ಮೇಲೆ ಒಂದೇ ಮಗ್ಗಲಲ್ಲಿ ಬಹಳ ಹೊತ್ತು ಬಿದ್ದರೆ ತೊಡೆಯ ಸ್ನಾಯು ನಜ್ಜಾಗುತ್ತದೆ. ಆಮೇಲೆ ಕ್ಯಾಲ್ಸಿಯಂ ಸರಿಯಾದರೂ ಹಸು ಏಳದು.

3. ಬಾಲ ತಿರುಚಿ, ಹೊಡೆದು ಎಬ್ಬಿಸಲು ಹೋಗಬೇಡಿ. ಜಾರಿ ಬಿದ್ದು ಕಾಲು ಮುರಿಯಬಹುದು.

4. ಮೊದಲ ಒಂದೆರಡು ದಿನ ಕೆಚ್ಚಲನ್ನು ಪೂರ್ತಿ ಬರಿದು ಮಾಡಬೇಡಿ. ಕರುವಿಗೆ ಬೇಕಾದಷ್ಟು ಗಿಣ್ಣು ಹಾಲನ್ನು ಹೊತ್ತಿಗೆ ಸರಿಯಾಗಿ ಕರೆದು ಕುಡಿಸಿ. ಶ್ಮಿಟ್ ಅವರ ಕಾಲದ ಪಾಠ ಇದರಲ್ಲಿ ಉಳಿದಿದೆ. ಕೆಚ್ಚಲು ಬಾವು ಇರುವ ಹಸುವಿಗೆ ಈ ಸಲಹೆ ಅನ್ವಯಿಸದು.

5. ಬೆಳಗಾಗಲಿ ಎಂದು ಕಾಯಬೇಡಿ. ಕುತ್ತಿಗೆ ಡೊಂಕಾಗಿ ತಲೆ ಪಕ್ಕೆಗೆ ತಿರುಗಿದೆ, ಮೂತಿ ಒಣಗಿದೆ, ಕಿವಿ ತಣ್ಣಗಿದೆ ಎಂದರೆ ಕೂಡಲೇ ಸಂಘದ ಕಾರ್ಯದರ್ಶಿಗೆ ತಿಳಿಸಿ, ಇಲ್ಲವೇ 1962ಕ್ಕೆ ಕರೆ ಮಾಡಿ. ಚಿಕಿತ್ಸೆ ಇಲ್ಲದಿದ್ದರೆ ಒಂದು ದಿನದೊಳಗೆ ಹಸು ಸಾಯಬಹುದು.

ಗಬ್ಬದ ಕೊನೆಯ ಮೂರು ವಾರ

ಕಾಯಿಲೆ ಬರದಂತೆ ತಡೆಯುವ ಕೆಲಸ ಕರು ಹಾಕುವ ಮೊದಲೇ ಆಗಬೇಕು. ಬಹಳ ಸದಸ್ಯರು ಗಬ್ಬದ ಕೊನೆಯಲ್ಲಿ ಕ್ಯಾಲ್ಸಿಯಂ ಟಾನಿಕ್ ಕುಡಿಸಿದರೆ ಒಳ್ಳೆಯದೆಂದು ತಿಳಿದಿದ್ದಾರೆ. ಫಲ ಇದಕ್ಕೆ ವಿರುದ್ಧ. 1954ರಲ್ಲಿ ಕ್ಯಾಲಿಫೋರ್ನಿಯಾದ ಬೋಡಾ ಮತ್ತು ಕೋಲ್, ಕರು ಹಾಕುವ ಮೊದಲು ಆಹಾರದಲ್ಲಿ ಕ್ಯಾಲ್ಸಿಯಂ ಕಡಿಮೆ ಮಾಡಿದರೆ ಹಾಲು ಜ್ವರ ತಡೆಯಬಹುದೆಂದು ತೋರಿಸಿದರು. ಕೂತಲ್ಲಿಗೇ ಊಟ ಬರುವ ಆಳು ಕೆಲಸ ಮರೆಯುವ ಹಾಗೆ, ಬಾಯಿಯಿಂದ ಧಾರಾಳವಾಗಿ ಬರುವಾಗ ಮೂಳೆಯಿಂದ ತೆಗೆಯುವ ಏರ್ಪಾಡು ಮಲಗಿಬಿಡುತ್ತದೆ. ನಂತರ ನಾರ್ವೆಯ ಸಂಶೋಧಕರು ಮೇವಿನ ಲವಣಗಳ ಪಾತ್ರವನ್ನು ಕಂಡುಕೊಂಡರು. ಪೊಟ್ಯಾಸಿಯಂ ಹೆಚ್ಚಿರುವ ಮೇವಿನಿಂದ ರಕ್ತ ಕ್ಷಾರದ ಕಡೆ ವಾಲುತ್ತದೆ; ಆಗ ಮೂಳೆಗೆ ಹೋಗುವ ಸಂದೇಶ ಸರಿಯಾಗಿ ಮುಟ್ಟುವುದಿಲ್ಲ. ಇದರ ಆಧಾರದ ಮೇಲೆಯೇ ಈಗ ಗಬ್ಬದ ಕೊನೆಯ ವಾರಗಳಿಗೆ ವಿಶೇಷ ಲವಣ ಮಿಶ್ರಣಗಳು ಬಂದಿವೆ. ಅವನ್ನು ವೈದ್ಯರ ನಿಗಾದಲ್ಲಿ ಮಾತ್ರ ಕೊಡಬೇಕು.

ಖರ್ಚಿಲ್ಲದೆ ಮಾಡಬಹುದಾದದ್ದೂ ಇದೆ. ಕೊನೆಯ ಮೂರು ವಾರ ಕುದುರೆ ಮೆಂತೆ ಸೊಪ್ಪು ನಿಲ್ಲಿಸಿ. ಸಗಣಿ ನೀರು, ಗೊಬ್ಬರ ಹೇರಳವಾಗಿ ಬಿದ್ದ ತಾಕಿನ ಹಸಿ ಹುಲ್ಲನ್ನು ಕಡಿಮೆ ಮಾಡಿ ಒಣ ಹುಲ್ಲು ಹೆಚ್ಚಿಸಿ. ಪಶು ಆಹಾರ ಮತ್ತು ಖನಿಜ ಮಿಶ್ರಣವನ್ನು ವೈದ್ಯರು ಹೇಳಿದ ಪ್ರಮಾಣದಲ್ಲಿ ಕೊಡಿ, ಅದರ ಮೇಲೆ ಟಾನಿಕ್ ಬೇಡ. ಹಸು ವಿಪರೀತ ಕೊಬ್ಬದಂತೆ ನೋಡಿಕೊಳ್ಳಿ. ಕರು ಹಾಕಿದ ಮೇಲೆ ಮಾತ್ರ ಕ್ಯಾಲ್ಸಿಯಂಗೆ ಕೊರತೆ ಮಾಡಬೇಡಿ.

ಕೋಲ್ಡಿಂಗ್‌ನ ವೈದ್ಯರು ತಾವು ಕಂಡದ್ದನ್ನು ತಮ್ಮಲ್ಲೇ ಇಟ್ಟುಕೊಂಡಿದ್ದರೆ ಎಡಿನ್‌ಬರೋದವರು ಮುಂದಿನ ಹೆಜ್ಜೆ ಇಡಲು ಇನ್ನೆಷ್ಟು ಕಾಲ ಬೇಕಾಗುತ್ತಿತ್ತೋ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ನಮಗೆ ಕಲಿಸಿದವರೂ ಹೀಗೆ ಬಂದದ್ದನ್ನೇ ಕಲಿಸಿದರು. ಹೊಸದು ತಿಳಿದಾಗ ಹಳೆಯದನ್ನು ತಿದ್ದಿಕೊಳ್ಳಲು ಹೇಳಿದರು. ನೀವೂ ಹಾಗೆಯೇ ಮಾಡಿ. ಯಾವ ಹಸುವಿಗೆ ಯಾವ ಸೂಲಿನಲ್ಲಿ ಹಾಲು ಜ್ವರ ಬಂತು ಎಂಬುದನ್ನು ಗೋಡೆಯ ಕ್ಯಾಲೆಂಡರಿನಲ್ಲಾದರೂ ಬರೆದಿಡಿ, ಹಸು ಮಾರುವಾಗ ಕೊಳ್ಳುವವರಿಗೆ ತಿಳಿಸಿ, ಮುಂದಿನ ಸೂಲಿಗೆ ಒಂದು ತಿಂಗಳ ಮುಂಚೆ ನಮಗೆ ಹೇಳಿ. ಈ ಪುಟವನ್ನು ಓದಿದ ಮೇಲೆ ಓದಲು ಬಾರದ ಪಕ್ಕದ ಮನೆಯವರಿಗೂ ಓದಿ ಹೇಳಬೇಕೆಂದು ಕೋರುತ್ತೇನೆ.