‘ಕರೆಂಟು ಕೊಡುವ’ ಯಂತ್ರ

ನನ್ನ ತಂಗಿಯನ್ನು ಅಜ್ಜಂಪುರಕ್ಕೆ ಕೊಟ್ಟಿದೆ. ಕೆಲವು ವರ್ಷಗಳ ಹಿಂದೆ ಅವಳಿಗೆ ಅರ್ಬುದರೋಗವೆಂದು ತಿಳಿದಾಗ, ಶಸ್ತ್ರಚಿಕಿತ್ಸೆಯ ತರುವಾಯ ಬೆಂಗಳೂರಿನಲ್ಲಿ ಐದು ವಾರ ವಿಕಿರಣ ಚಿಕಿತ್ಸೆ ಪಡೆಯಬೇಕೆಂದು ವೈದ್ಯರು ಹೇಳಿದರು. ಅವಳು ಒಪ್ಪಲಿಲ್ಲ. “ಅಣ್ಣಯ್ಯ, ಅಲ್ಲಿ ಮೈಗೆ ಕರೆಂಟು ಕೊಡ್ತಾರಂತೆ. ನಾನು ಇಲ್ಲೇ ಇರ್ತೀನಿ” ಎಂದಳು. ಕಡೂರು, ತರೀಕೆರೆ, ಅಜ್ಜಂಪುರದ ಕಡೆ ಜನ ಈ ಚಿಕಿತ್ಸೆಗೆ ‘ಕರೆಂಟು ಕೊಡುವುದು’ ಎಂದೇ ಹೇಳುತ್ತಾರೆ. ಒಂದು ಮಾತು ಮನುಷ್ಯನನ್ನು ಎಷ್ಟು ಹೆದರಿಸಬಲ್ಲುದೆಂಬುದನ್ನು, ಮೂವತ್ತು ವರ್ಷ ಭಾಷೆಯನ್ನೇ ಪಾಠ ಮಾಡಿದ ನಾನು ಅಂದು ಕಂಡೆ. ಎರಡು ತಿಂಗಳು ಹಾಗೆಯೇ ಕಳೆಯಿತು. ಅವಳ ಅಂಜಿಕೆ ಹೋಗಬೇಕಾದರೆ ಮೊದಲು ನಾನು ಆ ಯಂತ್ರವನ್ನು ಅರಿಯಬೇಕಾಗಿತ್ತು. ಅರಿತದ್ದಿಷ್ಟನ್ನು ಇಂದು ನಿಮ್ಮ ಮುಂದಿಡುತ್ತೇನೆ.

ಯಂತ್ರದ ಶಾಸ್ತ್ರೀಯ ನಾಮ ‘ರೇಖೀಯ ಕಣವೇಗೋತ್ಕರ್ಷಕ’. ಹೆಸರನ್ನು ಕೇಳಿದರೆ ಚಂಪೂಕಾವ್ಯದಿಂದ ಎದ್ದು ಬಂದಂತಿದೆ! ಈ ಕುಲದ ಅತಿ ದೊಡ್ಡ ಯಂತ್ರ ಜಿನೀವಾ ನಗರದ ಬಳಿ ನೆಲದಡಿಯಲ್ಲಿದೆ. ಸುತ್ತಳತೆ 27 ಕಿಲೋಮೀಟರ್. ಕಡೂರಿನಿಂದ ತರೀಕೆರೆಗೆ ಹಕ್ಕಿ ಹಾರುವ ನೇರ ದಾರಿಯನ್ನು ಬಳೆಯಂತೆ ಬಾಗಿಸಿದರೆ ಹೆಚ್ಚುಕಡಿಮೆ ಅಷ್ಟಾದೀತು. ಆಸ್ಪತ್ರೆಯ ಸಾಮಾನ್ಯ ಯಂತ್ರದ ಒಳಗೊಳವೆಯಾದರೋ ಒಂದು ಮೊಳದಷ್ಟೂ ಉದ್ದವಿಲ್ಲ. ಆದರೂ ಎರಡರ ಉಪಾಯ ಒಂದೇ.

ಆ ಉಪಾಯವನ್ನು ತಂಗಿಗೆ ಕವಣೆಯಿಂದ ತಿಳಿಸಿದೆ. ಜೋಳದ ಹೊಲದಲ್ಲಿ ಅಟ್ಟಣೆಯೇರಿ ಹಕ್ಕಿ ಕಾಯುವವನು ಕಲ್ಲನ್ನು ಒಂದೇ ಏಟಿಗೆ ಎಸೆಯುವುದಿಲ್ಲ. ಸುತ್ತುಸುತ್ತಿಗೂ ಅವನ ಕೈ ತುಸು ಬಲವನ್ನು ಕೂಡಿಸುತ್ತದೆ. ಹುರಿ ಕಲ್ಲನ್ನು ಸುತ್ತಿನೊಳಗೆ ಹಿಡಿದಿಡುತ್ತದೆ. 1930ರ ದಶಕದ ಆರಂಭದಲ್ಲಿ ಅಮೆರಿಕದ ಅರ್ನೆಸ್ಟ್ ಲಾರೆನ್ಸ್ ಕಟ್ಟಿದ ಸೈಕ್ಲೋಟ್ರಾನಿನಲ್ಲಿ ಹುರಿಯ ಸ್ಥಾನದಲ್ಲಿ ಅಯಸ್ಕಾಂತ, ಕೈಯ ಸ್ಥಾನದಲ್ಲಿ ವಿದ್ಯುತ್ತು. ನಮ್ಮ ಮಂಗಳೂರು ವಿಶ್ವವಿದ್ಯಾನಿಲಯದ ಕೊಣಾಜೆ ಆವರಣದಲ್ಲಿ 1990ರ ದಶಕದಲ್ಲಿ ಸ್ಥಾಪಿತವಾದ ಮೈಕ್ರೋಟ್ರಾನ್ ಕೂಡ ಈ ಬಗೆಯದೇ: ಎಲೆಕ್ಟ್ರಾನು ಒಂದೇ ಬಾಗಿಲನ್ನು ಮತ್ತೆ ಮತ್ತೆ ಹಾಯುತ್ತದೆ, ಹಾಯ್ದಾಗಲೆಲ್ಲ ಒಂದು ನೂಕು ಪಡೆದು ಇನ್ನೂ ದೊಡ್ಡ ಸುತ್ತು ಹಾಕುತ್ತದೆ.

ಆಸ್ಪತ್ರೆಯ ಯಂತ್ರದಲ್ಲಿ ಸುತ್ತಾಟವಿಲ್ಲ. ಹುಡುಗರು ಬೀದಿಯುದ್ದಕ್ಕೂ ಸಾಲಾಗಿ ನಿಂತು, ಉರುಳಿಬರುವ ಹಳೆಯ ಸೈಕಲ್ ಚಕ್ರಕ್ಕೆ ತಮ್ಮೆದುರು ಬಂದಾಗ ಒಬ್ಬೊಬ್ಬರೂ ಒಂದೊಂದು ಏಟು ಕೊಟ್ಟರೆ ಹೇಗೋ ಹಾಗೆ. ಇಲ್ಲಿ ಹುಡುಗರೆಂದರೆ ತಾಮ್ರದ ಪುಟ್ಟ ಕೋಣೆಗಳ ಸಾಲು. ಕೋಣೆಗಳಲ್ಲಿ ತುಂಬುವ ಅಲೆಗಳು ಈ ಭಾಷಣವನ್ನು ಮನೆಗೆ ತರುವ ರೇಡಿಯೋ ಅಲೆಗಳ ದಾಯಾದಿಗಳೇ. ಆದರೆ ಸೆಕೆಂಡಿಗೆ ಸುಮಾರು 300 ಕೋಟಿ ಸಲ ತೂಗುತ್ತವೆ. ಆ ತೂಗಾಟಕ್ಕೆ ಸರಿಯಾಗಿ ಎಲೆಕ್ಟ್ರಾನು ಬಂದರೆ ಮಾತ್ರ ನೂಕು. ತಪ್ಪಿದರೆ ಅದೇ ಅಲೆ ಹಿಂದಕ್ಕೆ ತಳ್ಳುತ್ತದೆ. ಹೀಗೆ ಗೇಣುದ್ದದ ದಾರಿಯಲ್ಲಿ 60 ಲಕ್ಷ ವೋಲ್ಟಿನಷ್ಟು ಬಲ ಕೂಡಿಬರುತ್ತದೆ. ಬೆಳಕಿನ ವೇಗವನ್ನು ಬಹುಮಟ್ಟಿಗೆ ಮುಟ್ಟಿದ ಮೇಲೆ ಹೆಚ್ಚುವುದು ಶಕ್ತಿಯೇ ಹೊರತು ವೇಗವಲ್ಲ. ಆದಕಾರಣ ‘ವೇಗೋತ್ಕರ್ಷ’ವೆಂಬ ಪದವೂ ಪೂರ್ತಿ ಸರಿಯಲ್ಲ. ಇರಲಿ.

ಕಟ್ಟುವವರ ಕಷ್ಟವಿರುವುದು ಈ ಹೊಂದಿಕೆಯಲ್ಲಿ. ತಾಮ್ರ ಕಾಯ್ದರೆ ಹಿಗ್ಗುತ್ತದೆ. ಕೋಣೆ ಕೂದಲೆಳೆಗಿಂತ ಕಡಿಮೆ ಹಿಗ್ಗಿದರೂ ತಾಳ ತಪ್ಪುತ್ತದೆ. ಅದಕ್ಕಾಗಿ ಒಂದೇ ಹದದ ನೀರು ಸದಾ ಅದರ ಸುತ್ತ ಹರಿಯುತ್ತಿರಬೇಕು. ಇನ್ನು ಗಾಳಿ: ಕೊಳವೆಯೊಳಗೆ ಗಾಳಿಯ ಅಣುಗಳು ಉಳಿದರೆ ಸಂತೆಯ ನೂಕುನುಗ್ಗಲಿನಂತೆ ಎಲೆಕ್ಟ್ರಾನಿಗೆ ಅಡ್ಡಬರುತ್ತವೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಕಲ್ಕತ್ತೆಯಲ್ಲಿ ಮೇಘನಾದ ಸಹಾ ಅವರು ಸೈಕ್ಲೋಟ್ರಾನ್ ಕಟ್ಟಹೊರಟಾಗ, ಗಾಳಿ ಹೀರುವ ಪಂಪುಗಳನ್ನು ತರುತ್ತಿದ್ದ ಹಡಗು ಶತ್ರುಗಳ ದಾಳಿಗೆ ಸಿಕ್ಕಿ ಮುಳುಗಿತು. ಅಯಸ್ಕಾಂತ ಬಂದಿದ್ದರೂ ಪಂಪುಗಳಿಲ್ಲದೆ ಕೆಲಸ ವರ್ಷಗಟ್ಟಲೆ ನಿಂತಿತು.

ಕೊನೆಗೆ ಎಲೆಕ್ಟ್ರಾನುಗಳು ಟಂಗ್‌ಸ್ಟನ್ ಲೋಹದ ಒಂದು ಬಿಲ್ಲೆಗೆ ಅಪ್ಪಳಿಸುತ್ತವೆ. ಅವುಗಳ ಓಟ ಅಲ್ಲಿಗೆ ಮುಗಿಯುತ್ತದೆ. ಆ ಆಘಾತದಿಂದ ಹೊಮ್ಮುವ ಕ್ಷಕಿರಣಗಳನ್ನು ಲೋಹದ ಪಟ್ಟಿಗಳು ಗೆಡ್ಡೆಯಿದ್ದ ಜಾಗದ ಆಕಾರಕ್ಕೆ ಕತ್ತರಿಸಿ ಬಿಡುತ್ತವೆ. ರೋಗಿಯನ್ನು ಮುಟ್ಟುವುದು ಆ ಕಿರಣ ಮಾತ್ರ, ಕರೆಂಟಲ್ಲ. ಗುಂಡಿಯೊತ್ತಿ ನಿಲ್ಲಿಸಿದ ಕ್ಷಣವೇ ಅದೂ ಇಲ್ಲ. ಇಷ್ಟನ್ನು ಹೇಳಿದಾಗ ತಂಗಿ ಸುಮ್ಮನೆ ಕೇಳಿದಳು. ಮರುವಾರ ಬೀರೂರಿನಲ್ಲಿ ರೈಲು ಹತ್ತಿದೆವು.

ಮೊದಲ ದಿನ ಅವಳು ಮಲಗಿದಲ್ಲಿಂದಲೇ “ಯಾವಾಗ ಶುರು ಮಾಡ್ತೀರಮ್ಮ?” ಎಂದು ಕೇಳಿದಳಂತೆ, ಆಗಲೇ ಮುಗಿದಿತ್ತು. ಹನ್ನೆರಡನೆಯ ದಿನ ಯಂತ್ರವೇ ನಿಂತಿತು. ದೂರದೂರದಿಂದ ಬಂದವರು ಪಡಸಾಲೆಯಲ್ಲಿ ಕುಳಿತಿದ್ದರು. ನಾನು ತಾಳ್ಮೆಗೆಟ್ಟು ಅಲ್ಲಿನ ತರುಣ ಎಂಜಿನಿಯರನ್ನು ಗದರಿಸಿಬಿಟ್ಟೆ. ಆತ ಬೇಸರಪಡಲಿಲ್ಲ. “ನೀರಿನ ಹದ ತಪ್ಪಿದೆ ಸರ್. ಯಂತ್ರ ತಾನಾಗಿಯೇ ನಿಂತಿದೆ, ನಿಲ್ಲದಿದ್ದರೆ ನಾವು ಹೆದರಬೇಕಾಗಿತ್ತು” ಎಂದ. ನಿತ್ಯ ಬೆಳಗ್ಗೆ ಮೊದಲ ರೋಗಿ ಬರುವ ಮುನ್ನ ಕಿರಣದ ಪ್ರಮಾಣವನ್ನು ಅಳೆದು ಬರೆದಿಡುವ ಪುಸ್ತಕವನ್ನು ತೋರಿಸಿದ. ಜಿನೀವಾದ ಮಹಾಯಂತ್ರ 2008ರ ಸೆಪ್ಟೆಂಬರ್ 10ರಂದು ಆರಂಭವಾಗಿ ಒಂಬತ್ತೇ ದಿನಕ್ಕೆ, ಅಯಸ್ಕಾಂತಗಳ ನಡುವಣ ಒಂದು ವಿದ್ಯುತ್ ಬೆಸುಗೆ ಕೆಟ್ಟು, ವರ್ಷಕ್ಕೂ ಮಿಕ್ಕಿ ನಿಂತಿತ್ತೆಂಬುದನ್ನೂ ಆತನೇ ಹೇಳಿದ್ದು. ನಮ್ಮದು ಒಂದೇ ದಿನ. ಆ ದಿನದ ಪಾಲನ್ನು ಕೊನೆಗೆ ಸೇರಿಸಿಕೊಟ್ಟರು.

ತಂಗಿ ಈಗ ಅಜ್ಜಂಪುರದಲ್ಲಿ ಆರೋಗ್ಯವಾಗಿದ್ದಾಳೆ. ಇಂದಿಗೂ ‘ನನಗೆ ಕರೆಂಟು ಕೊಟ್ಟಾಗ’ ಎಂದೇ ಮಾತು ತೆಗೆಯುತ್ತಾಳೆ. ನಾನು ತಿದ್ದಲು ಹೋಗಿಲ್ಲ.